ಗ್ಯಾಸ್ ವಾಸನೆ ಬಂದಾಗ ಮೊದಲ ಐದು ನಿಮಿಷ: ನಮ್ಮ ಮಲೆನಾಡಿನ ಮನೆ, ತೋಟ, ಘಾಟಿ ರಸ್ತೆಗೆ ಅಂತ ಬರೆದಿದ್ದು

ಹೋದ ಆಷಾಢದಲ್ಲಿ ನಮ್ಮನೇಲಿ ಸಿಲಿಂಡರ್ ಬದಲಾಯಿಸ್ತಾ ಗ್ಯಾಸ್ ಲೀಕ್ ಆಯ್ತು. ಸಕಲೇಶಪುರದಿಂದ ಒಳಗೆ ತೋಟದ ಮನೆ, ಮೂರು ದಿನದಿಂದ ಬಿಡದೆ ಹುಯ್ತಿತ್ತು, ಎರಚಲು ಹೊಡಿಯುತ್ತೆ ಅಂತ ಕಿಟಕಿ ಬಾಗಿಲು ಎಲ್ಲಾ ಭದ್ರವಾಗಿ ಹಾಕಿದ್ವಿ. ಹೊಸ ಸಿಲಿಂಡರ್ ಸೀಲ್ ಕಿತ್ತು, ಕ್ಯಾಪ್ ಎಳೆದು, ರೆಗ್ಯುಲೇಟರ್ ಕೂರಿಸಿ ನಾಬ್ ತಿರುಗಿಸಿದ್ದೇ ತಡ ಸುಯ್ಯ್ ಅಂತ ಸದ್ದು. ವಾಲ್ವ್ ಒಳಗೆ ಇರಬೇಕಾಗಿದ್ದ ಸಣ್ಣ ರಬ್ಬರ್ ರಿಂಗ್ ಇರಲೇ ಇಲ್ಲ, ನಾನು ನೋಡದೇ ಕೂರಿಸಿಬಿಟ್ಟಿದ್ದೆ. ನಾಬ್ ಆಫ್ ಮಾಡಿ ರೆಗ್ಯುಲೇಟರ್ ಕಿತ್ತರೂ ಸದ್ದು ನಿಲ್ಲಲಿಲ್ಲ, ವಾಲ್ವ್ ಪಿನ್ ಒಳಗೇ ಸಿಕ್ಕೊಂಡಿತ್ತು. ಅಷ್ಟರಲ್ಲಿ ವಾಸನೆಗೆ ಅತ್ತೆ ಓಡಿ ಬಂದು, ಗ್ಯಾಸ್ ಆಚೆ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನ್ ಸ್ವಿಚ್‌ಗೆ ಕೈ ಹಾಕಿದ್ರು. "ಅತ್ತೆ, ಮುಟ್ಟಬೇಡಿ!" ಅಂತ ನಾನು ಕಿರುಚಿದ್ದಕ್ಕೆ ಅವರ ಬೆರಳು ಸ್ವಿಚ್ ಮೇಲೇ ನಿಂತುಹೋಯ್ತು. ಆ ಬೆರಳು ಈಗಲೂ ನನ್ನ ಕಣ್ಣ ಮುಂದೆ ಇದೆ.

ಸಿಲಿಂಡರ್ ಕುತ್ತಿಗೆಗೆ ಕಟ್ಟಿದ್ದ ನೈಲಾನ್ ದಾರದಲ್ಲಿ ಕ್ಯಾಪ್ ನೇತಾಡ್ತಿತ್ತು, ಅದನ್ನ ವಾಲ್ವ್ ಮೇಲಿಟ್ಟು ಅಂಗೈಯಲ್ಲಿ ಬಲವಾಗಿ ಒತ್ತಿದೆ, ಟಕ್ ಅಂತ ಕೂತು ಸದ್ದು ನಿಂತಿತು. ಅಲ್ಲಿಗೆ ಮುಗೀತು ಅಂದ್ಕೊಂಡ್ರೆ ಮಾವ ಬಚ್ಚಲು ಮನೆ ಕಡೆ ಕೈ ತೋರಿಸಿದ್ರು. ಅಡಿಗೆಮನೆಯಿಂದ ನಾಲ್ಕು ಹೆಜ್ಜೆ ಆಚೆ ಹಂಡೆ ಒಲೆ, ಬೆಳಗ್ಗೆಯಿಂದ ಅದರಲ್ಲಿ ಕೆಂಡ. ಮಲೆನಾಡಲ್ಲಿ ಮಳೆಗಾಲದಲ್ಲಿ ಹಂಡೆ ಒಲೆ ಆರೋದೇ ಇಲ್ಲ ಅಂತ ನಿಮಗೂ ಗೊತ್ತು. ಮಾವ ಬಚ್ಚಲ ಬಾಗಿಲು ಎಳೆದು ಅದರ ಬುಡಕ್ಕೆ ಒದ್ದೆ ಗೋಣಿಚೀಲ ಒತ್ತಿ, ಹಿತ್ತಲ ಬಾಗಿಲು ಮುಂಬಾಗಿಲು ಎರಡೂ ಪೂರ್ತಿ ತೆಗೆದು, ಎಲ್ಲರನ್ನೂ ಆಚೆಗೆ ಕರ್ಕೊಂಡು ಬಂದ್ರು. ಒಂದು ಗಂಟೆ ಕಾಫಿ ಕಣದಲ್ಲಿ ಮಳೇಲಿ ಕೊಡೆ ಹಿಡ್ಕೊಂಡು ನಿಂತಿದ್ವಿ.

ಅವತ್ತಿಂದ ಇದರ ಬಗ್ಗೆ ಓದಿ, ಗೊತ್ತಿರೋರನ್ನ ಕೇಳಿ ತಿಳ್ಕೊಂಡಿದ್ದೆಲ್ಲಾ ಇಲ್ಲಿ ಬರೀತಿದ್ದೀನಿ. ಎಲ್ಲದಕ್ಕಿಂತ ಮುಖ್ಯವಾದ ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಉರೀತಿರೋ ಗ್ಯಾಸ್‌ಗಿಂತ ಉರಿಯದೇ ಹರಡ್ತಿರೋ ಗ್ಯಾಸ್‌ಗೆ ಜಾಸ್ತಿ ಹೆದರಬೇಕು. ಬೆಂಕಿ ಕಂಡ್ರೆ ಎಲ್ಲರೂ ಓಡ್ತಾರೆ, ಬರೀ ವಾಸನೆ ಬಂದ್ರೆ ಎಲ್ಲಿಂದ ಬರ್ತಿದೆ ಅಂತ ಲೈಟ್ ಹಾಕಿ ಹುಡುಕೋಕೆ ಒಳಗೇ ಹೋಗ್ತಾರೆ. ಜೀವ ಹೋಗೋದು ಅಲ್ಲಿ.

ಯಾಕೆ ಅಂತ ಸ್ವಲ್ಪ ಹೇಳ್ತೀನಿ, ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ತಾನಾಗೇ ನೆನಪಿರುತ್ತೆ. ಸಿಲಿಂಡರ್ ಒಳಗೆ ಇರೋದು ಪ್ರೊಪೇನ್ ಬ್ಯೂಟೇನ್ ಮಿಶ್ರಣ, ಒತ್ತಡದಲ್ಲಿ ನೀರಿನ ಥರ ದ್ರವ ಆಗಿರುತ್ತೆ, ಆಚೆಗೆ ಬಂದ್ರೆ ಸುಮಾರು 250 ಪಟ್ಟು ಹಿಗ್ಗಿ ಗ್ಯಾಸ್ ಆಗುತ್ತೆ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಹಂಗಾಗಿ ಮೇಲಕ್ಕೆ ಹೋಗಲ್ಲ, ನೆಲದ ಮೇಲೆ ನೀರು ಹರಿದ ಹಂಗೆ ಹರಿದು ಹೊಸಿಲು ದಾಟಿ, ಬಚ್ಚಲ ಮೋರಿಗೆ ಇಳಿದು, ತಗ್ಗು ಎಲ್ಲಿದೆಯೋ ಅಲ್ಲಿ ನಿಲ್ಲುತ್ತೆ. ಗಾಳೀಲಿ ನೂರಕ್ಕೆ ಸುಮಾರು ಎರಡು ಪಾಲು ಗ್ಯಾಸ್ ಸೇರಿದ್ರೆ ಸಾಕು ಹೊತ್ಕೊಳ್ಳುತ್ತೆ, ಒಂಬತ್ತು ಒಂಬತ್ತೂವರೆ ದಾಟಿದ್ರೆ ಗಾಳಿ ಸಾಲದೆ ಹೊತ್ಕೊಳ್ಳಲ್ಲ. ಹತ್ತಡಿ ಉದ್ದ ಹತ್ತಡಿ ಅಗಲ ಹತ್ತಡಿ ಎತ್ತರದ ಅಡಿಗೆಮನೆ ಲೆಕ್ಕ ಹಾಕಿದ್ರೆ ಒಂದೂಕಾಲು ಕೆಜಿ ಆಸುಪಾಸು ಗ್ಯಾಸ್ ಸಾಕಾಗುತ್ತೆ ಇಡೀ ಕೋಣೆಗೆ, ನಮ್ಮ ಸಿಲಿಂಡರಲ್ಲಿ ಇರೋದು 14.2 ಕೆಜಿ. ಅದೂ ನೆಲದ ಮೇಲೇ ಕೂತಿರೋದ್ರಿಂದ ಇನ್ನೂ ಕಮ್ಮಿ ಇದ್ರೂ ಕಾಲಿನ ಮಟ್ಟದಲ್ಲಿ ಹೊತ್ಕೊಳ್ಳೋ ಹದಕ್ಕೆ ಬಂದಿರುತ್ತೆ.

ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ, ನಮಗೆ ಗೊತ್ತಾಗಲಿ ಅಂತಾನೇ ಇಥೈಲ್ ಮರ್ಕ್ಯಾಪ್ಟನ್ ಅನ್ನೋದನ್ನ ಸೇರಿಸ್ತಾರೆ. ಆದ್ರೆ ಮೂಗು ಬೇಗ ಒಗ್ಗಿ ಹೋಗುತ್ತೆ. ವಾಸನೆ ಕಮ್ಮಿ ಆಯ್ತು ಅಂದ್ರೆ ಗ್ಯಾಸ್ ಕಮ್ಮಿ ಆಯ್ತು ಅಂತಲ್ಲ, ನಿಮ್ಮ ಮೂಗು ಸೋತಿದೆ ಅಂತಲೂ ಇರಬಹುದು. ವಯಸ್ಸಾದವರಿಗೆ, ನೆಗಡಿ ಆದವರಿಗೆ ಗೊತ್ತೇ ಆಗಲ್ಲ. ಮನೇಲಿ ಮಕ್ಕಳು ಏನೋ ವಾಸನೆ ಅಂದ್ರೆ ಸುಮ್ನಿರು ಅನ್ನಬೇಡಿ, ಒಂದು ಸಲ ನೋಡಿ.

ಈಗ ಕೆಲಸದ ಮಾತಿಗೆ ಬರೋಣ. ವಾಸನೆ ಬಂತು, ಬೆಂಕಿ ಇಲ್ಲ. ಕೈ ಹತ್ತಿರ ಇದ್ರೆ ಸ್ಟವ್ ನಾಬ್ ಆಫ್ ಮಾಡಿ, ರೆಗ್ಯುಲೇಟರ್ ನಾಬ್ ಆಫ್ ಮಾಡಿ, ಅದಕ್ಕೆ ಐದು ಸೆಕೆಂಡ್ ಸಾಕು. ಬಾಗಿಲು ತೆಗೀರಿ, ಕಿಟಕಿಗಿಂತ ಬಾಗಿಲು ಮುಖ್ಯ, ಯಾಕಂದ್ರೆ ಗ್ಯಾಸ್ ನೆಲದ ಮೇಲಿದೆ, ಅದು ಹೊಸಿಲು ದಾಟಿ ಹೋಗಬೇಕು. ಮಳೆ ಹೊಡೆದ್ರೆ ಹೊಡೀಲಿ. ದೇವರ ಮುಂದೆ ದೀಪ ಉರೀತಿದ್ರೆ, ಊದುಬತ್ತಿ ಇದ್ರೆ, ಸೊಳ್ಳೆ ಬತ್ತಿ ಇದ್ರೆ, ವಾಸನೆ ಅಲ್ಲಿಗೆ ಇನ್ನೂ ಹೋಗಿಲ್ಲ ಅಂದ್ರೆ ಮಾತ್ರ ಆರಿಸಿ, ಅದಕ್ಕೋಸ್ಕರ ಗ್ಯಾಸ್ ಒಳಗೆ ನಡ್ಕೊಂಡು ಹೋಗಬೇಡಿ. ಹಂಡೆ ಒಲೆ ಕೆಂಡಕ್ಕೆ ಗಾಬರೀಲಿ ನೀರು ಹುಯ್ಯೋಕೆ ಹೋಗಬೇಡಿ, ಕಿಡಿ ಬೂದಿ ಎಲ್ಲಾ ಎದ್ದು ಹಾರುತ್ತೆ, ಬಾಗಿಲು ಹಾಕಿ ಬುಡಕ್ಕೆ ಒದ್ದೆ ಗೋಣಿ ಒತ್ತಿ ಸಾಕು, ನಮ್ಮ ಮಾವ ಮಾಡಿದ್ದು ಅದನ್ನೇ. ಆಮೇಲೆ ಎಲ್ಲರೂ ಆಚೆಗೆ.

ಸ್ವಿಚ್ ವಿಚಾರಕ್ಕೆ ಬಂದ್ರೆ ಹಾಕೋದೂ ತಪ್ಪು, ಆರಿಸೋದೂ ತಪ್ಪು. ಉರೀತಿರೋ ಲೈಟ್ ಉರೀಲಿ ಬಿಡಿ, ತಿರುಗ್ತಿರೋ ಫ್ಯಾನ್ ತಿರುಗ್ಲಿ ಬಿಡಿ. ಸ್ವಿಚ್ ಒಳಗೆ ಕಿಡಿ ಹುಟ್ಟೋದು ಎರಡು ಸಲಾನೂ. ಪ್ಲಗ್ ಕೀಳೋದು, ಕಾಲಿಂಗ್ ಬೆಲ್ ಒತ್ತೋದು, ಫ್ರಿಜ್ ಬಾಗಿಲು ತೆಗೆಯೋದು ಯಾವುದೂ ಬೇಡ. ಮೇನ್ ಸ್ವಿಚ್ ಆಫ್ ಮಾಡಿ ಅಂತ ಕೆಲವರು ಹೇಳ್ತಾರೆ, ಅದು ಮನೆ ಹೊರಗಡೆ ಜಗಲೀಲಿ ವಾಸನೆ ಇಲ್ಲದ ಜಾಗದಲ್ಲಿ ಇದ್ರೆ ಮಾತ್ರ ಸರಿ, ಒಳಗೆ ಇದ್ರೆ ಅದೂ ಒಂದು ಸ್ವಿಚ್ಚೇ. ಜೊತೆಗೆ ಇನ್ವರ್ಟರ್ ಇರೋ ಮನೇಲಿ ಮೇನ್ ತೆಗೆದ ತಕ್ಷಣ ಇನ್ವರ್ಟರ್ ಒಳಗೆ ಟಕ್ ಅಂತ ರಿಲೇ (ತಾನಾಗೇ ಬದಲಾಗೋ ಸ್ವಿಚ್) ಬದಲಾಗುತ್ತೆ, ಅಲ್ಲೂ ಕಿಡಿ. ನಮ್ಮ ಕಡೆ ಇನ್ನೊಂದು ಕಷ್ಟ, ಕರೆಂಟ್ ಹೋಗಿದ್ದಾಗ ಲೀಕ್ ಆಗಿ, ನೀವು ಒಳಗೆ ಇದ್ದಾಗ್ಲೇ ಕರೆಂಟ್ ಬಂದ್ರೆ ಫ್ರಿಜ್ ತಾನಾಗೇ ಶುರುವಾಗುತ್ತೆ, ನೀವು ಯಾವ ಸ್ವಿಚ್ಚನ್ನೂ ಮುಟ್ಟದಿದ್ರೂ. ಅದಕ್ಕೇ ಒಳಗೆ ನಿಂತು ಯೋಚನೆ ಮಾಡಬಾರದು.

ಫೋನ್ ಆಚೆ ದೂರ ಹೋಗಿ ಮಾಡಿ. ಗ್ಯಾಸ್ ಲೀಕ್‌ಗೆ 1906, ಇದು ಹಗಲು ರಾತ್ರಿ ಇರೋ ಎಲ್‌ಪಿಜಿ ತುರ್ತು ನಂಬರ್. ಬೆಂಕಿ ಇದ್ರೆ 112 ಅಥವಾ 101. ನಿಮ್ಮ ಗ್ಯಾಸ್ ಏಜೆನ್ಸಿ ನಂಬರ್ ಕೂಡ ಸೇವ್ ಮಾಡ್ಕೊಂಡಿರಿ. ತೋಟದ ಮನೆಯವರು ದಾರಿ ಹೇಳೋದನ್ನ ಮೊದಲೇ ಯೋಚಿಸಿಡಿ, ಯಾವ ಊರಿನ ಯಾವ ಬಸ್ ಸ್ಟಾಪ್, ಅಲ್ಲಿಂದ ಎಷ್ಟು ದೂರ, ದೊಡ್ಡ ಗಾಡಿ ಬರೋ ದಾರಿ ಯಾವುದು ಅಂತ. ಗಾಬರೀಲಿ ಇದು ಬಾಯಿಗೆ ಬರಲ್ಲ. ಒಬ್ಬರನ್ನ ರಸ್ತೆ ತಿರುವಲ್ಲಿ ನಿಲ್ಲಿಸಿದ್ರೆ ಇನ್ನೂ ಒಳ್ಳೇದು.

ಕ್ಯಾಪ್ ಹಾಕಿದ್ರೂ ಲೀಕ್ ನಿಲ್ಲದಿದ್ರೆ ಏನ್ ಮಾಡೋದು? ಸದ್ದು ಸಣ್ಣದಿದ್ದು, ಈಗ ತಾನೇ ಶುರುವಾಗಿದ್ದು, ಹತ್ತಿರ ಎಲ್ಲೂ ಬೆಂಕಿ ಇಲ್ಲ ಅಂದ್ರೆ ಇಬ್ಬರು ಎತ್ತಿ ಬಯಲಿಗೆ ತಗೊಂಡು ಹೋಗಿ ನೆಟ್ಟಗೆ ನಿಲ್ಲಿಸಬಹುದು. ಎಳೀಬೇಡಿ, ಉರುಳಿಸಬೇಡಿ. ಮಲಗಿಸೋದಂತೂ ಬೇಡವೇ ಬೇಡ, ಮಲಗಿಸಿದ್ರೆ ವಾಲ್ವಿನಿಂದ ಗ್ಯಾಸ್ ಬದಲು ದ್ರವಾನೇ ಬರೋಕೆ ಶುರುವಾಗುತ್ತೆ, ಆಮೇಲೆ ಅದೇ 250 ಪಟ್ಟಿನ ಲೆಕ್ಕ. ಇಡೋ ಜಾಗ ಬಾವಿ ಕಟ್ಟೆ, ಚರಂಡಿ, ಕೊಟ್ಟಿಗೆ ಹತ್ತಿರ ಇರಬಾರದು, ಗಾಳಿ ಮನೆ ಕಡೆಗೆ ಬೀಸೋ ಜಾಗ ಆಗಿರಬಾರದು. ಒಳಗೆ ಆಗಲೇ ಗ್ಯಾಸ್ ತುಂಬಿದ್ರೆ ಎತ್ತೋ ಸಾಹಸ ಬೇಡ, ಬಿಟ್ಟು ಬನ್ನಿ.

ಈಗ ಬೆಂಕಿ ಹತ್ತಿರೋ ಸಿಲಿಂಡರ್. ಟ್ಯೂಬ್ ಹತ್ರ ಅಥವಾ ಸ್ಟವ್ ಹತ್ರ ಉರೀತಿದ್ರೆ ಸುಲಭ, ರೆಗ್ಯುಲೇಟರ್ ಆಫ್ ಮಾಡಿದ್ರೆ ಟ್ಯೂಬಲ್ಲಿ ಇರೋ ಚೂರು ಗ್ಯಾಸ್ ಉರಿದು ತಾನೇ ಆರುತ್ತೆ. ವಾಲ್ವ್ ಹತ್ರಾನೇ ಉರೀತಿದ್ರೆ, ಉರಿ ಸಣ್ಣದಿದ್ರೆ, ನೀರಲ್ಲಿ ಚೆನ್ನಾಗಿ ನೆನೆಸಿದ ಗೋಣಿಚೀಲನೋ ದಪ್ಪ ಕಂಬಳೀನೋ ಎರಡೂ ಕೈ ಮುಚ್ಚೋ ಹಂಗೆ ಮುಂದೆ ಹಿಡ್ಕೊಂಡು, ನಿಮ್ಮ ಹಿಂದೆ ಬಾಗಿಲು ತೆರೆದಿರೋ ಹಂಗೆ ನೋಡ್ಕೊಂಡು ಹೋಗಿ, ವಾಲ್ವ್ ಮೇಲೆ ಮುಚ್ಚಿ, ಮುಚ್ಚಿದ ಕೈಯಲ್ಲೇ ಗೋಣಿ ಒಳಗಿಂದ ನಾಬ್ ಆಫ್ ಮಾಡಬೇಕು. ನೈಲಾನ್ ಸೀರೆ, ಪ್ಲಾಸ್ಟಿಕ್ ಚೀಲ, ಟರ್ಪಾಲ್ ಯಾವುದೂ ಬೇಡ, ಕರಗಿ ಕೈಗೆ ಅಂಟುತ್ತೆ.

ಇಲ್ಲೇ ಜನ ತಪ್ಪು ಮಾಡೋದು. ಬೆಂಕಿ ಆರಿಸಿದ್ವಿ ಅಂತ ಖುಷಿ ಪಡ್ತಾರೆ, ಗ್ಯಾಸ್ ನಿಲ್ಲಿಸಿರಲ್ಲ. ನಾಬ್ ತಿರುಗಲ್ಲ, ರೆಗ್ಯುಲೇಟರ್ ಕರಗಿದೆ, ಗ್ಯಾಸ್ ನಿಲ್ಲಿಸೋಕೆ ಆಗಲ್ಲ ಅಂತ ಗೊತ್ತಾದ್ರೆ ಆ ಬೆಂಕೀನ ಆರಿಸಲೇಬಾರದು. ಉರೀತಿರೋವರೆಗೂ ಬಂದಿದ್ದು ಬಂದ ಹಂಗೆ ಸುಟ್ಟು ಹೋಗ್ತಿರುತ್ತೆ, ಆರಿಸಿದ್ರೆ ಅದೇ ಗ್ಯಾಸ್ ಮನೆ ತುಂಬಿ ಬೇರೆ ಎಲ್ಲೋ ಕಿಡಿ ಸಿಕ್ಕಿ ಮನೆ ಸಮೇತ ಹೋಗುತ್ತೆ. ಅಂಗಡೀಲಿ ನೇತು ಹಾಕಿರೋ ಪೌಡರ್ ಎಕ್ಸ್‌ಟಿಂಗ್ವಿಷರ್ ಇದ್ರೂ ಇದೇ ಮಾತು, ಗ್ಯಾಸ್ ಬಂದ್ ಮಾಡೋ ದಾರಿ ಇದ್ರೆ ಮಾತ್ರ ಹೊಡೀರಿ. ಇಲ್ಲಾಂದ್ರೆ ಸುತ್ತ ಇರೋ ಹೊತ್ಕೊಳ್ಳೋ ಸಾಮಾನು, ಇನ್ನೊಂದು ಸಿಲಿಂಡರ್ ಇದ್ರೆ ಅದನ್ನ, ಕೈಗೆ ಎಟುಕಿದಷ್ಟು ದೂರ ಮಾಡಿ ಆಚೆ ಬಂದುಬಿಡಿ. ಉರಿ ಸಿಲಿಂಡರ್ ಮೈಗೇ ತಾಗ್ತಿದೆ, ಸಿಲಿಂಡರ್ ಬಿದ್ದಿದೆ, ಸುತ್ತ ಎಲ್ಲಾ ಹೊತ್ಕೊಂಡಿದೆ ಅಂದ್ರೆ ಒಂದು ನಿಮಿಷಾನೂ ನಿಲ್ಲಬೇಡಿ, ಬಿಸಿಗೆ ಒಳಗಿನ ಒತ್ತಡ ಏರಿ ಕಬ್ಬಿಣದ ಮೈಯೇ ಹರಿದು ಸಿಡಿಯುತ್ತೆ. ನೀರು ಹಾಕೋದಿದ್ರೆ ದೂರದಿಂದ, ಗೋಡೆ ಮರೆಯಿಂದ, ಸಿಲಿಂಡರ್ ಮೈ ತಣ್ಣಗಾಗಲಿ ಅಂತ ಪೈಪಲ್ಲಿ ಹಾಕಬೇಕು, ಲೀಕ್ ಆಗ್ತಿರೋ ಬಾಯಿಗೆ ಗುರಿಯಿಟ್ಟು ಅಲ್ಲ.

ಇಷ್ಟು ದೂರ ಬರಬಾರದು ಅಂದ್ರೆ ಸಿಲಿಂಡರ್ ಮನೆ ಬಾಗಿಲಿಗೆ ಬಂದಾಗ್ಲೇ ಎರಡು ನಿಮಿಷ ಕೊಡಬೇಕು. ನಮ್ಮ ಕಡೆ ಗಾಡಿಯವರು ಗೇಟ್ ಹತ್ರ ಇಳಿಸಿ ಹೋಗಿಬಿಡ್ತಾರೆ, ಆದ್ರೂ ಸ್ವಲ್ಪ ನಿಲ್ಲಿಸಿ, ಕ್ಯಾಪ್ ತೆಗೆಸಿ ಚೆಕ್ ಮಾಡಿಸಿ, ಅದು ಅವರ ಕೆಲಸ. ವಾಲ್ವ್ ಬಾಯಿ ಒಳಗೆ ಕಪ್ಪು ರಬ್ಬರ್ ರಿಂಗ್ ಕಾಣಬೇಕು, ಹರಿದಿರಬಾರದು. ಕೈ ಬೆರಳು, ಕಡ್ಡಿ ಹಾಕಿ ಪಿನ್ ಒತ್ತಬೇಡಿ, ಕಣ್ಣಲ್ಲಿ ನೋಡಿದ್ರೆ ಸಾಕು. ಸಿಲಿಂಡರ್ ಮೇಲ್ಗಡೆ ಹಿಡಿಕೆ ಪಟ್ಟಿ ಒಳಗೆ ಎ, ಬಿ, ಸಿ, ಡಿ ಅಕ್ಷರ ಒಂದು, ಪಕ್ಕದಲ್ಲಿ ವರ್ಷ ಬರೆದಿರುತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಅಂದ್ರೆ ಏಪ್ರಿಲ್‌ನಿಂದ ಜೂನ್, ಹಂಗೇ ಮುಂದಕ್ಕೆ. ಬಿ 27 ಅಂತಿದ್ರೆ 2027ರ ಜೂನ್ ಒಳಗೆ ಅದನ್ನ ಮತ್ತೆ ಟೆಸ್ಟ್ ಮಾಡಿಸಬೇಕು ಅಂತ ಅರ್ಥ, ಆ ದಿನ ದಾಟಿದ್ದನ್ನ ತಗೋಬೇಡಿ, ವಾಪಸ್ ಕಳ್ಸಿ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಮೇಲೂ ವರ್ಷ ಇರುತ್ತೆ, ಐದು ವರ್ಷಕ್ಕೊಂದು ಸಲ ಬದಲಾಯಿಸಬೇಕು, ಇಲಿ ಕಡಿದಿದ್ರೆ ಅವತ್ತೇ. ತೋಟದ ಮನೇಲಿ ಇಲಿ ಕಾಟ ಹೇಳಬೇಕಾ, ತಿಂಗಳಿಗೊಂದು ಸಲ ಟ್ಯೂಬ್ ಪೂರ್ತಿ ಕೈಯಲ್ಲಿ ಸವರಿ ನೋಡಿ. ಲೀಕ್ ಇದೆಯಾ ಅಂತ ಅನುಮಾನ ಬಂದ್ರೆ ಸೋಪು ನೀರು ಹಚ್ಚಿ, ಗುಳ್ಳೆ ಬಂದ್ರೆ ಲೀಕ್. ಬೆಂಕಿಕಡ್ಡಿ ಗೀರಿ ನೋಡೋ ಪದ್ಧತಿ ಹಳೇ ಕಾಲದವರಲ್ಲಿ ಇನ್ನೂ ಇದೆ, ದಯವಿಟ್ಟು ಅವರ ಕೈಯಿಂದ ಕಡ್ಡಿ ಪೆಟ್ಟಿಗೆ ಕಸ್ಕೊಳ್ಳಿ. ಆ ಕ್ಯಾಪ್ ದಾರ ಇದೆಯಲ್ಲ, ಅಡ್ಡ ಬರುತ್ತೆ ಅಂತ ಕತ್ತರಿಸಬೇಡಿ. ನಮ್ಮನೇಲಿ ಅವತ್ತು ಆ ದಾರ ಇರಲಿಲ್ಲ ಅಂದಿದ್ರೆ ಕ್ಯಾಪ್ ಎಲ್ಲಿ ಉರುಳಿ ಹೋಗಿರ್ತಿತ್ತೋ.

ಇನ್ನು ರಸ್ತೆ ವಿಷಯ, ಇದು ಹಾಸನ ಸಕಲೇಶಪುರದವರಿಗೆ ಅಡಿಗೆಮನೆಯಷ್ಟೇ ಹತ್ತಿರದ್ದು. ಮಂಗಳೂರಿಂದ ಶಿರಾಡಿ ಹತ್ತಿ, ದೋಣಿಗಲ್, ಸಕಲೇಶಪುರ, ಆಲೂರು, ಹಾಸನ, ಚನ್ನರಾಯಪಟ್ಟಣ ಅಂತ ಎನ್‌ಹೆಚ್ 75ರಲ್ಲಿ ಗ್ಯಾಸ್ ಟ್ಯಾಂಕರ್ ಓಡಾಡ್ತಾನೇ ಇರ್ತವೆ, ಜನ ಬುಲೆಟ್ ಟ್ಯಾಂಕರ್ ಅಂತಾರಲ್ಲ, ಒಂದೊಂದರಲ್ಲಿ ಹತ್ತು ಹದಿನೆಂಟು ಟನ್ ಗ್ಯಾಸ್. ಇದೇ ಹೆದ್ದಾರೀಲಿ ಘಾಟಿ ಇಳಿದ ಮೇಲೆ ಉಪ್ಪಿನಂಗಡಿ ಹತ್ರ ಪೆರ್ನೆಯಲ್ಲಿ 2013ರ ಏಪ್ರಿಲ್‌ನಲ್ಲಿ ಟ್ಯಾಂಕರ್ ಉರುಳಿ ಗ್ಯಾಸ್ ಹೊತ್ಕೊಂಡು, ರಸ್ತೆ ಪಕ್ಕದ ಮನೆಗಳಲ್ಲಿ ತಮ್ಮ ಪಾಡಿಗೆ ತಾವಿದ್ದ ಜನ ಪ್ರಾಣ ಕಳ್ಕೊಂಡ್ರು. 2024ರ ಡಿಸೆಂಬರಲ್ಲಿ ಜೈಪುರದ ಹತ್ರ ಆಗಿದ್ದೂ ಅದೇ ಥರ, ಡಿಕ್ಕಿ ಆಗಿ ಟ್ಯಾಂಕರಿಂದ ಗ್ಯಾಸ್ ಹೊರಬಂದು ಹೊತ್ಕೊಂಡಾಗ ಸುತ್ತ ಇದ್ದ ಬಸ್ಸು ಲಾರಿ ಎಲ್ಲಾ ಉರಿದು ಹೋದ್ವು.

ಟ್ಯಾಂಕರ್ ಹಿಂದೆ ಪಕ್ಕದಲ್ಲಿ ಒಂದು ಬೋರ್ಡ್ ಇರುತ್ತೆ, ಅದನ್ನ ಓದೋಕೆ ಕಲ್ತಿರಿ. ಕೆಂಪು ಬಣ್ಣದ ವಜ್ರಾಕಾರದಲ್ಲಿ ಉರಿ ಚಿತ್ರ ಇದ್ರೆ ಹೊತ್ಕೊಳ್ಳೋ ಗ್ಯಾಸ್. ಒಳಗೆ ಏನಿದೆ ಅಂತ ಹೇಳೋ ನಾಲ್ಕಂಕಿಯ ಯುಎನ್ ನಂಬರ್ 1075 ಇದ್ರೆ ಎಲ್‌ಪಿಜಿ, 1971 ಇದ್ರೆ ಸಿಎನ್‌ಜಿ ಥರದ ನೈಸರ್ಗಿಕ ಅನಿಲ. ಮೇಲ್ಗಡೆ 2ಡಬ್ಲ್ಯೂಇ ಅಂತ ಇರೋದು ಫೈರ್‌ನವರಿಗೆ ಸೂಚನೆ, ಅದರಲ್ಲಿ ಕೊನೇ ಅಕ್ಷರ ಇ ಅಂದ್ರೆ ಸುತ್ತಲ ಜನರನ್ನ ಖಾಲಿ ಮಾಡಿಸೋ ಬಗ್ಗೆ ಯೋಚಿಸಿ ಅಂತ. 112ಕ್ಕೆ ಫೋನ್ ಮಾಡ್ದಾಗ ಆ ಯುಎನ್ ನಂಬರಿನ ನಾಲ್ಕು ಅಂಕಿ ಹೇಳಿದ್ರೆ ಬರೋರು ಸರಿಯಾದ ತಯಾರೀಲಿ ಬರ್ತಾರೆ. ದೂರದಿಂದ ಕಂಡ್ರೆ ಮಾತ್ರ ಓದಿ, ಓದೋಕೆ ಅಂತ ಹತ್ತಿರ ಹೋಗಬೇಡಿ.

ಉರುಳಿದ ಟ್ಯಾಂಕರಿಂದ ಗ್ಯಾಸ್ ಬರ್ತಿದ್ರೆ ಬಿಳೀ ಮೋಡದ ಥರ ಕಾಣುತ್ತೆ. ಅದು ಗ್ಯಾಸ್ ಅಲ್ಲ, ಗ್ಯಾಸಿನ ತಂಪಿಗೆ ಗಾಳೀಲಿರೋ ನೀರಿನ ಪಸೆ ಹೆಪ್ಪಾಗಿದ್ದು, ನಿಜವಾದ ಗ್ಯಾಸ್ ಆ ಬಿಳೀ ಅಂಚಿಗಿಂತ ಇನ್ನೂ ಮುಂದಕ್ಕೆ ಕಣ್ಣಿಗೆ ಕಾಣದೇ ಹರಡಿರುತ್ತೆ. ನಮ್ಮ ಘಾಟೀಲಿ ಮಳೆಗಾಲದಲ್ಲಿ ಮಂಜು ಮುಸುಕಿರುವಾಗ ಯಾವುದು ಮಂಜು ಯಾವುದು ಗ್ಯಾಸ್ ಅಂತ ಗೊತ್ತೇ ಆಗಲ್ಲ, ಹಂಗಾಗಿ ಮುಂದೆ ಟ್ಯಾಂಕರ್ ಬಿದ್ದಿದೆ ಅಂತ ಯಾರಾದ್ರೂ ಹೇಳಿದ್ರೆ, ವಾಸನೆ ಬಂದ್ರೆ, ಅಲ್ಲೇ ಗಾಡಿ ಆಫ್ ಮಾಡಿ ಇಳಿದು ಬಂದ ದಾರೀಲೇ ನಡ್ಕೊಂಡು ವಾಪಸ್ ಹೋಗಿ. ನಿಂತಿರೋ ಗಾಡೀನ ತಿರುಗಿಸೋಣ ಅಂತ ಮತ್ತೆ ಸ್ಟಾರ್ಟ್ ಮಾಡಬೇಡಿ. ಹಿಂದೆ ಬರೋ ಬಸ್ಸಿನವರಿಗೆ ಟವೆಲ್ ಬೀಸಿ ನಿಲ್ಲಿಸಿ, ದೂರದಲ್ಲೇ.

ಯಾವ ಕಡೆ ಹೋಗೋದು ಅಂದ್ರೆ, ಗಾಳಿ ಎಲ್ಲಿಂದ ಬೀಸ್ತಿದೆಯೋ ಆ ಕಡೆಗೆ, ಮತ್ತೆ ಏರಿಗೆ. ಗ್ಯಾಸ್ ಇಳಿಜಾರಲ್ಲಿ ಹಳ್ಳ, ಮೋರಿ, ಗದ್ದೆ ಬಯಲು ಹುಡ್ಕೊಂಡು ಇಳಿಯುತ್ತೆ, ನಾವು ಅದರ ಉಲ್ಟಾ ಹೋಗಬೇಕು. ಮೋರಿ ಒಳಗೆ ಅಡಗೋದು, ಹೊಳೆಗೆ ಇಳಿಯೋದು ಅತೀ ಕೆಟ್ಟದ್ದು. ಮುಂಗಾರಲ್ಲಿ ನಮ್ಮಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ, ಆದ್ರೆ ಘಾಟಿ ತಿರುವಲ್ಲಿ ಸುತ್ತಿ ಬಳಸಿ ಬೀಸುತ್ತೆ, ಅದಕ್ಕೆ ಮರದ ಎಲೆ ನೋಡಿ, ಟವೆಲ್ ಎತ್ತಿ ಹಿಡಿದು ನೋಡಿ. ದೂರ ಎಷ್ಟು ಅಂತ ಬಹಳ ಜನಕ್ಕೆ ಅಂದಾಜಿಲ್ಲ. ಫೈರ್‌ನವರು ಲೆಕ್ಕ ಇಡೋದು ಹಿಂಗೆ: ಲೀಕ್ ಆಗ್ತಿದ್ರೆ ಸುತ್ತ ಕಮ್ಮಿ ಅಂದ್ರೂ 100 ಮೀಟರ್ ಯಾರೂ ಇರಬಾರದು, ದೊಡ್ಡ ಲೀಕ್ ಆದ್ರೆ ಗಾಳಿ ಹೋಗೋ ದಿಕ್ಕಲ್ಲಿ 800 ಮೀಟರ್ ಖಾಲಿ ಮಾಡಿಸಬೇಕು, ಟ್ಯಾಂಕರಿಗೇ ಬೆಂಕಿ ಬಿದ್ದಿದ್ರೆ ಎಲ್ಲಾ ಕಡೆ 1600 ಮೀಟರ್. ಒಂದೂವರೆ ಕಿಲೋಮೀಟರಿಗಿಂತ ಜಾಸ್ತೀನೇ ಆಯ್ತಲ್ಲ, ನಮ್ಮ ಒಂದು ಹಳ್ಳಿ ಪೂರ್ತಿ ಅದರೊಳಗೆ ಬರುತ್ತೆ.

ಬೆಂಕಿಗೆ ಸಿಕ್ಕ ಟ್ಯಾಂಕರ್ ಒಳಗೆ ದ್ರವ ಕುದಿಯೋಕೆ ಶುರುವಾಗಿ ಸೇಫ್ಟಿ ವಾಲ್ವಿಂದ ಸೀಟಿ ಥರ ಸದ್ದು ಬರುತ್ತೆ. ಆ ಸದ್ದು ಜೋರಾಗ್ತಾ ಹೋದ್ರೆ, ಟ್ಯಾಂಕಿನ ಬಣ್ಣ ಬದಲಾದ್ರೆ, ಫೈರ್‌ನವರೇ ಬಿಟ್ಟು ಓಡಬೇಕು ಅಂತ ಅವರ ಪಾಠ. ಅಂಥದ್ದರಲ್ಲಿ ನಮ್ಮ ಹುಡುಗರು ಸೇತುವೆ ಮೇಲೆ ನಿಂತು ವಿಡಿಯೋ ಮಾಡೋದು ನೋಡಿದ್ರೆ ಎದೆ ಝಲ್ ಅನ್ನುತ್ತೆ. ಹತ್ತಿರದ ಮನೆಯವರಿಗೆ ಒಲೆ ಆರಿಸಿ, ಕರೆಂಟ್ ಮುಟ್ಟದೆ ಹೊರಡಿ ಅಂತ ಕೂಗಿ ಹೇಳಿ, ಆ ಕೆಲಸ ಮಾಡಿ, ವಿಡಿಯೋ ಬೇಡ. ದನಗಳ ಹಗ್ಗ ಬಿಚ್ಚಿ ಬಿಡಿ ಸಾಕು, ಹೊಡ್ಕೊಂಡು ಹೋಗೋಕೆ ಟೈಮ್ ಇರಲ್ಲ.

ಅಂದಹಾಗೆ ಮಂಗಳೂರು, ಹಾಸನ, ಮೈಸೂರು, ಸೋಲೂರು ಅಂತ ನೆಲದಡಿ ಎಲ್‌ಪಿಜಿ ಪೈಪ್‌ಲೈನೂ ನಮ್ಮ ಜಿಲ್ಲೇಲಿ ಹಾದು ಹೋಗಿದೆ. ಗದ್ದೆ ತೋಟದ ಅಂಚಲ್ಲಿ ಅದರ ಗುರುತಿನ ಕಂಬ, ಬೋರ್ಡ್ ಇದ್ರೆ ಅಲ್ಲಿ ಜೆಸಿಬಿ ಹಾಕೋ ಮುಂಚೆ ಬೋರ್ಡ್ ಮೇಲಿನ ನಂಬರಿಗೆ ಫೋನ್ ಮಾಡಿ.

ವೆಲ್ಡಿಂಗ್ ಶಾಪಿನವರಿಗೆ ಬೇರೆ ಮಾತು. ಮರೂನ್ ಬಣ್ಣದ ಸಿಲಿಂಡರ್ ಅಸಿಟಿಲಿನ್, ಇದು ಎಲ್‌ಪಿಜಿ ಥರ ಅಲ್ಲವೇ ಅಲ್ಲ. ಒಂದು ಸಲ ಚೆನ್ನಾಗಿ ಕಾದ್ರೆ ಗಾಳಿ ಇಲ್ಲದೇನೂ ಒಳಗೊಳಗೇ ಒಡೆದು ಬಿಸಿ ಆಗ್ತಾ ಹೋಗುತ್ತೆ, ಹೊರಗಿನ ಬೆಂಕಿ ಆರಿ ಗಂಟೆಗಳಾದ ಮೇಲೂ ಸಿಡಿಯಬಹುದು. ಬೆಂಕೀಲಿ ಸಿಕ್ಕಿದ ಅಸಿಟಿಲಿನ್ ಸಿಲಿಂಡರನ್ನ ಅಲ್ಲಾಡಿಸಬೇಡಿ, ಎತ್ತಿ ಆಚೆಗೆ ತರಬೇಡಿ, 200 ಮೀಟರ್ ದೂರ ಹೋಗಿ ಒಳಗೆ ಅಸಿಟಿಲಿನ್ ಇದೆ ಅಂತ ಫೈರ್‌ನವರಿಗೆ ಮೊದಲ ಮಾತಲ್ಲೇ ಹೇಳಿ.

ಸಣ್ಣ ಸಾಮಾನುಗಳನ್ನೂ ಮರೀಬೇಡಿ. ಬಾಡಿ ಸ್ಪ್ರೇ, ಸೊಳ್ಳೆ ಜಿರಳೆ ಸ್ಪ್ರೇ, ಪೇಂಟ್ ಸ್ಪ್ರೇ ಡಬ್ಬಿಗಳಲ್ಲಿ ಹೊರಗೆ ತಳ್ಳೋಕೆ ಹಾಕಿರೋದು ಹೆಚ್ಚಾಗಿ ಇದೇ ಬ್ಯೂಟೇನ್ ಪ್ರೊಪೇನ್ ಜಾತಿ ಗ್ಯಾಸ್. ಖಾಲಿ ಅಂತ ಎಸೆದ ಡಬ್ಬೀಲೂ ಸ್ವಲ್ಪ ಉಳಿದಿರುತ್ತೆ, ತೋಟದ ಕಸಕ್ಕೆ ಬೆಂಕಿ ಹಾಕೋ ಮುಂಚೆ ಕೋಲಲ್ಲಿ ಕೆದಕಿ ಡಬ್ಬಿ, ಲೈಟರ್ ಇದ್ರೆ ತೆಗೀರಿ. ಆಗಲೇ ಬೆಂಕಿಗೆ ಬಿದ್ದಿದ್ರೆ ತೆಗೆಯೋಕೆ ಹೋಗಬೇಡಿ, ಮಕ್ಕಳನ್ನ ದೂರ ಕರ್ಕೊಂಡು ಹೋಗಿ ಅದು ಸಿಡಿದು ಮುಗಿಯೋವರೆಗೂ ಕಾಯಿರಿ. ಜಾತ್ರೇಲಿ ಮಾರೋ ಹಾರೋ ಬಲೂನಲ್ಲಿ ಹೈಡ್ರೋಜನ್ ತುಂಬಿರಬಹುದು, ಅದು ಗಾಳೀಲಿ ನೂರಕ್ಕೆ ನಾಲ್ಕರಿಂದ ಎಪ್ಪತ್ತೈದು ಪಾಲು ಇದ್ರೂ ಹೊತ್ಕೊಳ್ಳುತ್ತೆ, ಗೊಂಚಲನ್ನ ಕಾರೊಳಗೆ ಹಾಕ್ಕೊಂಡು ಹೋಗಬೇಡಿ, ಬರ್ತ್‌ಡೇ ಕ್ಯಾಂಡಲ್ ಪಕ್ಕ ಕಟ್ಟಬೇಡಿ.

ಗೋಬರ್ ಗ್ಯಾಸ್ ಇರೋ ಮನೆಯವರು ಇದನ್ನ ಗಮನ ಇಟ್ಟು ಓದಿ, ಯಾಕಂದ್ರೆ ಮೇಲೆ ಹೇಳಿದ್ದು ಇಲ್ಲಿ ಉಲ್ಟಾ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್, ಮೀಥೇನ್ ಗಾಳಿಗಿಂತ ಹಗುರ, ಮೇಲಕ್ಕೆ ಹೋಗಿ ಅಟ್ಟ, ಮಾಡಿನ ಕೆಳಗೆ ನಿಲ್ಲುತ್ತೆ. ಬಾಗಿಲ ಜೊತೆಗೆ ಮೇಲಿನ ಕಿಟಕಿ, ಗವಾಕ್ಷಿ ತೆಗೀಬೇಕು. ಸಿಲಿಂಡರಿಗೆ ಸೇರಿಸೋ ಥರ ವಾಸನೆ ಯಾರೂ ಸೇರಿಸಿರಲ್ಲ, ಕೊಳೆತ ಮೊಟ್ಟೆ ವಾಸನೆ ಕೊಡೋ ಹೈಡ್ರೋಜನ್ ಸಲ್ಫೈಡ್ ಇರುತ್ತೆ ನಿಜ, ಆದ್ರೆ ಅದು ಜಾಸ್ತಿ ಆದ್ರೆ ಮೂಗಿನ ಶಕ್ತೀನೇ ಕೊಲ್ಲುತ್ತೆ. ಗುಂಡಿ ಕ್ಲೀನ್ ಮಾಡೋಕೆ ಇಳಿದವನು ಕುಸಿದು ಬಿದ್ರೆ ಅವನ ಹಿಂದೆ ಇನ್ನೊಬ್ಬರು ಇಳೀಬೇಡಿ. ಅಣ್ಣ ಬಿದ್ದ ಅಂತ ತಮ್ಮ, ತಮ್ಮ ಬಿದ್ದ ಅಂತ ಅಪ್ಪ, ಹಿಂಗೇ ಒಂದೇ ಮನೆಯ ಮೂವರು ಹೋಗೋದು. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತು ಎಳೆಯೋ ಏರ್ಪಾಡಿಲ್ಲದೆ ಯಾರನ್ನೂ ಇಳಿಸಬೇಡಿ, ಕೂಲಿಯವರನ್ನಂತೂ ಇಳಿಸಲೇಬೇಡಿ. ಬಿದ್ರೆ ಮೇಲಿಂದಾನೇ ಎಳೀರಿ, 112ಕ್ಕೆ ಫೋನ್ ಮಾಡಿ.

ಸುಟ್ಟ ಗಾಯಕ್ಕೆ ನಲ್ಲಿ ನೀರು, ಇಪ್ಪತ್ತು ನಿಮಿಷ ಹರಿಸ್ತಾನೇ ಇರಬೇಕು. ಪೇಸ್ಟು, ಇಂಕು, ಬೆಣ್ಣೆ, ಐಸು ಯಾವುದೂ ಬೇಡ. ಕೈ ಊದಿಕೊಳ್ಳೋ ಮುಂಚೆ ಉಂಗುರ, ಬಳೆ ತೆಗೀರಿ, ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ, ಸುತ್ತ ಕತ್ತರಿಸಿ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ 108ಕ್ಕೆ ಫೋನ್ ಮಾಡಿ. ಮೈಗೆ ಬೆಂಕಿ ಹತ್ತಿದ್ರೆ ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು, ಬೇರೆಯವರು ಕಂಬಳಿ ಮುಚ್ಚಬೇಕು. ದ್ರವದ ಗ್ಯಾಸ್ ಕೈ ಮೇಲೆ ಚಿಮ್ಮಿದ್ರೆ ಬಿಸಿಯಿಂದಲ್ಲ ವಿಪರೀತ ತಂಪಿನಿಂದ ಸುಡುತ್ತೆ, ಪ್ರೊಪೇನ್ ಕುದಿಯೋದೇ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಅದಕ್ಕೆ ಉಗುರು ಬೆಚ್ಚಗಿನ ನೀರು, ತಿಕ್ಕಬಾರದು, ಕಾಯಿಸಬಾರದು.

ಲೀಕ್ ನಿಂತ ಮೇಲೆ ಮನೆ ಒಳಗೆ ಮೊದಲು ಹೋಗೋದು ಒಬ್ಬರೇ, ಬರಿಗೈಯಲ್ಲಿ, ಯಾವ ಸ್ವಿಚ್ಚೂ ಮುಟ್ಟದೆ. ನೆಲದ ಹತ್ರ ಬಗ್ಗಿ ವಾಸನೆ ನೋಡಿ, ಸಿಂಕ್ ಕೆಳಗೆ, ಸ್ಟವ್ ಕಟ್ಟೆ ಕೆಳಗಿನ ಕಬೋರ್ಡ್ ಒಳಗೆ, ಬಚ್ಚಲ ಮೋರಿ ಹತ್ರ. ಎಲ್ಲೂ ಇಲ್ಲ ಅಂದ್ರೂ ನಾವು ಇನ್ನೊಂದು ಗಂಟೆ ಬಾಗಿಲು ತೆಗೆದೇ ಇಟ್ಟಿದ್ವಿ. ಮೂಗು ಒಗ್ಗಿರೋರನ್ನ ಕಳಿಸಬೇಡಿ, ಆಚೆ ಗಾಳೀಲಿ ಇದ್ದವರು ಹೋಗಲಿ. ಅನಾಹುತ ಆಗಿದ್ರೆ ಏಜೆನ್ಸಿಗೆ ಅವತ್ತೇ ಬರವಣಿಗೆಯಲ್ಲಿ ತಿಳಿಸಿ ನಕಲು ಇಟ್ಕೊಳ್ಳಿ, ಅನಿಲ ಕಂಪನಿಗಳು ಗ್ರಾಹಕರಿಂದ ಪ್ರೀಮಿಯಂ ತಗೊಳ್ಳದೇ ಇಂಥದ್ದಕ್ಕೆ ವಿಮೆ ಮಾಡಿಸಿರ್ತಾವೆ, ಹೆಸರಿರೋ ಕನೆಕ್ಷನ್, ಐಎಸ್‌ಐ ಗುರುತಿನ ಟ್ಯೂಬು ರೆಗ್ಯುಲೇಟರ್ ಇದ್ರೆ ಕೇಳೋದು ಸುಲಭ.

ನಮ್ಮನೇಲಿ ಈಗ ಹೊಸ ಸಿಲಿಂಡರ್ ಬಂದ ದಿನ ಎಲ್ಲರೂ ಒಂದೊಂದು ಸಲ ಕಣ್ಣು ಮುಚ್ಚಿಕೊಂಡು ರೆಗ್ಯುಲೇಟರ್ ಆಫ್ ಮಾಡಿ, ಕಳಚಿ, ಕ್ಯಾಪ್ ಹಾಕಿ ತೋರಿಸಬೇಕು, ಸ್ಟವ್ ಹಚ್ಚೋ ಮುಂಚೆ, ಬಾಗಿಲು ತೆಗೆದಿಟ್ಟು. ಅತ್ತೆಗೆ ಅರವತ್ತೆಂಟು, ಹೋದ ತಿಂಗಳು ಎರಡೇ ಸಲಕ್ಕೆ ಕ್ಯಾಪ್ ಟಕ್ ಅನ್ನಿಸಿದ್ರು.